ಘಂಟೆ: ಲೋಹ, ಎರಕ, ನಾದ ಮತ್ತು ಜೋಪಾನ

ಒಳಗೆ ಪೊಳ್ಳಾಗಿ, ಕೆಳಬಾಯಿ ತೆರೆದು, ಲೋಹದಿಂದ ಎರಕ ಹೊಯ್ಯಲ್ಪಟ್ಟ ನಾದಸಾಧನವೇ ಘಂಟೆ. ಒಳಗೆ ತೂಗುವ ನಾಲಿಗೆಯಿಂದಾಗಲಿ, ಹೊರಗಿನ ಕೊಡತಿಯಿಂದಾಗಲಿ ಅದರ ಅಂಚಿಗೆ ಪೆಟ್ಟು ಬಿದ್ದಾಗ ಮೈಯೆಲ್ಲ ಕಂಪಿಸಿ ನಾದ ಹೊಮ್ಮುತ್ತದೆ. ಆ ನಾದ ಎಷ್ಟು ಹೊತ್ತು ನಿಲ್ಲಬೇಕು, ಇಂಪಾಗಿರಬೇಕೋ ಕರ್ಕಶವಾಗಿರಬೇಕೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಘಂಟೆಯ ಲೋಹ. ತುಂಬುದನಿಯುಳ್ಳವರನ್ನು ನಮ್ಮ ನುಡಿಯಲ್ಲಿ ಕಂಚಿನ ಕಂಠದವರೆಂದು ಕರೆಯುತ್ತೇವೆ. ಹಿತ್ತಾಳೆಯ ಕಂಠವೆಂದು ಯಾರೂ ಹೊಗಳುವುದಿಲ್ಲ. ಈ ಮಾತಿನ ಹಿಂದೆ ತಲೆಮಾರುಗಳ ಅನುಭವವಿದೆ.

ಈ ಲೇಖನವನ್ನು ಬರೆಯಲು ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಬಾಗಿಲ ಹಳೆಯ ಘಂಟೆಯ ಕೊಂಡಿ ಮುರಿಯಿತು. ಮೈ ಕಪ್ಪಾಗಿದ್ದ ಆ ಘಂಟೆಯನ್ನು ತೂಕದ ಲೆಕ್ಕಕ್ಕೆ ಕೊಟ್ಟು, ಭಕ್ತರ ಕುಟುಂಬವೊಂದು ಮೇಲೆ ಹಣ ಸೇರಿಸಿ ಹರಕೆಯಾಗಿ ಹೊಸ ಘಂಟೆಯನ್ನು ತಂದಿತು. ಪಂಚಲೋಹದ್ದೆಂದು ಹೇಳಿ ಮಾರಿದ್ದ ಆ ಘಂಟೆ ಬಂಗಾರದಂತೆ ಹೊಳೆಯುತ್ತಿತ್ತು. ತೂಗುಹಾಕಿ ಬಾರಿಸಿದಾಗ ತಗಡು ಬಡಿದಂತಹ ಸದ್ದು ಬಂದಿತು. ಹಳೆಯದನ್ನು ಕೊಡಲು ಒಪ್ಪಿಗೆಯಿತ್ತವರು ನಾವೇ ಆದುದರಿಂದ ತಪ್ಪು ಭಕ್ತರದಲ್ಲ, ನಮ್ಮದು. ಹೋದ ಘಂಟೆ ಮರಳಿ ಬರಲಿಲ್ಲ. ಅನ್ಯ ಊರುಗಳ ಮಠಮಂದಿರಗಳಲ್ಲಿಯೂ ಮನೆಗಳಲ್ಲಿಯೂ ಇಂತಹ ನಷ್ಟ ಆಗದಿರಲೆಂಬುದು ನಮ್ಮ ಆಶಯ.

ನಮ್ಮ ಸೀಮೆಯ ಘಂಟೆಗಳು

ರಾಯಬಾಗ, ಅಥಣಿ, ಚಿಕ್ಕೋಡಿ ಭಾಗದ ಬದುಕಿನಲ್ಲಿ ಘಂಟೆ ಹಲವು ರೂಪಗಳಲ್ಲಿ ಬರುತ್ತದೆ. ಪೂಜೆಯ ಸಮಯದಲ್ಲಿ ಎಡಗೈಯಲ್ಲಿ ಹಿಡಿಯುವ ಹಿಡಿಕೆಯುಳ್ಳ ಕೈಘಂಟೆ, ಮಠಮಂದಿರಗಳ ಬಾಗಿಲಲ್ಲಿ ಸರಪಳಿಯಿಂದ ಇಳಿಬಿಟ್ಟ ತೂಗುಘಂಟೆ ಇವು ಎಲ್ಲರೂ ಬಲ್ಲವು. ಜೋಳಿಗೆ ಹಿಡಿದು ಭಿಕ್ಷೆಗೆ ಹೊರಡುವ ಅಯ್ಯನವರು ಕಾಲಿಗೆ ಕಟ್ಟಿಕೊಳ್ಳುವ ಘಂಟೆಗೆ ಜಂಗು ಎಂದು ಹೆಸರು. ಜಂಗಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿಸಿದೊಡನೆ ಮನೆಯ ತಾಯಂದಿರು ಹಿಟ್ಟಿನ ಮರ ಹಿಡಿದು ಬಾಗಿಲಿಗೆ ಬರುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಪುರವಂತರ ಕಾಲಿನ ಗೆಜ್ಜೆ, ಎತ್ತಿನ ಕೊರಳ ಘಂಟೆ ಮತ್ತು ಗೆಜ್ಜೆಸರ ಇದೇ ವರ್ಗಕ್ಕೆ ಸೇರಿದವು. ಘಂಟೆಗೆ ಬಾಯಿ ತೆರೆದಿರುತ್ತದೆ, ನಾಲಿಗೆ ತೂಗುತ್ತದೆ. ಗೆಜ್ಜೆಯು ಸೀಳು ಬಾಯಿಯ ಗುಂಡು, ಅದರೊಳಗೆ ಹರಳೋ ಗುಂಡೋ ಉರುಳಾಡುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿಗಳ ಸಾಲು ಹೊರಟಾಗ ಕತ್ತಲಲ್ಲಿ ಮೊದಲು ಕೇಳುವುದು ಈ ಕೊರಳ ಘಂಟೆಗಳ ಸದ್ದು.

ಜಾಗಟೆ ಮತ್ತು ಭಜನೆಯ ತಾಳಗಳು ಆಕಾರದಲ್ಲಿ ಘಂಟೆಗಳಲ್ಲವಾದರೂ ಒಳ್ಳೆಯವು ಅದೇ ಲೋಹದಿಂದ ಆದವು. ಆದಕಾರಣ ಮುಂದೆ ಹೇಳುವ ಲೋಹಗುಣಗಳು ಬಹುಪಾಲು ಅವುಗಳಿಗೂ ಅನ್ವಯಿಸುತ್ತವೆ.

ಘಂಟೆಗೆ ಬಳಸುವ ಲೋಹಗಳು

ಕಂಚು: ತಾಮ್ರ ಮತ್ತು ತವರ ಸೇರಿದ ಮಿಶ್ರಲೋಹ. ತವರವೆಂದರೆ ಅಡುಗೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಲು ಬಳಸುವ ಬಿಳಿಯ, ಮೆದುವಾದ ಲೋಹ. ಉತ್ತಮ ಘಂಟೆಯ ಕಂಚಿನಲ್ಲಿ ತಾಮ್ರ ಸುಮಾರು ಶೇ. 78, ತವರ ಸುಮಾರು ಶೇ. 22 ಇರುತ್ತದೆ, ಒಂದೆರಡು ಅಂಶ ಹೆಚ್ಚುಕಡಿಮೆಯಾಗಬಹುದು. ಮೂರ್ತಿಗಳನ್ನು ಎರೆಯುವ ಕಂಚಿನಲ್ಲಿ ತವರ ಇದರ ಅರ್ಧದಷ್ಟು, ಅಂದರೆ ಶೇ. 10ರ ಆಸುಪಾಸು. ಮೂರ್ತಿಯ ಕಂಚು ಉಳಿಯ ಪೆಟ್ಟನ್ನು ತಾಳಬೇಕು, ಘಂಟೆಯ ಕಂಚು ನುಡಿಯಬೇಕು. ಎರಡೂ ಕಂಚೇ ಆದರೂ ಕೆಲಸ ಬೇರೆ.

ಹಿತ್ತಾಳೆ: ತಾಮ್ರ ಮತ್ತು ಸತುವಿನ ಮಿಶ್ರಣ. ಸತು ಸಾಮಾನ್ಯವಾಗಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಬಣ್ಣ ನಿಂಬೆಹಳದಿ. ಮೃದುವಾದ ಲೋಹ, ಕೆತ್ತನೆಗೆ, ಹೊಳಪಿಗೆ, ಅಗ್ಗದ ಬೆಲೆಗೆ ಅನುಕೂಲ. ಸಣ್ಣ ಕೈಘಂಟೆಗೆ ಸಾಕೆನ್ನಬಹುದು. ದೊಡ್ಡ ಘಂಟೆಯಲ್ಲಿ ಅದರ ನಾದ ಬೇಗನೆ ಕುಗ್ಗುತ್ತದೆ. ಇಂದು ಪೇಟೆಯಲ್ಲಿ ದೊರೆಯುವ ಬಹುಪಾಲು ಘಂಟೆಗಳು ಹಿತ್ತಾಳೆಯವು. ಸತುವಿಗಿಂತ ತವರದ ಬೆಲೆ ಹಲವು ಪಟ್ಟು ಹೆಚ್ಚಾಗಿರುವುದೇ ಇದಕ್ಕೆ ಮುಖ್ಯ ಕಾರಣ.

ಪಂಚಲೋಹ: ಚಿನ್ನ, ಬೆಳ್ಳಿ, ತಾಮ್ರ, ಸತು, ಸೀಸ ಎಂದು ಒಂದು ಪಟ್ಟಿ, ಸತುವಿನ ಬದಲು ಹಿತ್ತಾಳೆ ಅಥವಾ ತವರ, ಸೀಸದ ಬದಲು ಕಬ್ಬಿಣ ಎಂದು ಬೇರೆ ಪಟ್ಟಿಗಳು. ಎಲ್ಲದರಲ್ಲಿಯೂ ಮುಕ್ಕಾಲು ಪಾಲಿಗೂ ಮಿಕ್ಕಿ ಇರುವುದು ತಾಮ್ರ ಅಥವಾ ಹಿತ್ತಾಳೆಯೇ. ಪಂಚಲೋಹವು ಮೂಲತಃ ಮೂರ್ತಿಗಳಿಗೆ ಸಂಬಂಧಿಸಿದ ಸಂಪ್ರದಾಯ. ಎರಕದಲ್ಲಿ ಬೀಳುವ ಚಿಟಿಕೆ ಚಿನ್ನ, ಬೆಳ್ಳಿಗಳು ಭಕ್ತಿಯ ಗುರುತಾಗಿ ಸಲ್ಲುತ್ತವೆ. ನಾದಕ್ಕೆ ಅವುಗಳಿಂದ ಲಾಭವಿಲ್ಲ. ಸೀಸವಂತೂ ನಾದದ ವೈರಿ. ಅದು ತಾಮ್ರದಲ್ಲಿ ಬೆರೆಯದೆ ಸಣ್ಣ ಹನಿಗಳಾಗಿ ನಿಂತು ಕಂಪನವನ್ನು ನುಂಗುತ್ತದೆ. ಆದ್ದರಿಂದ ಘಂಟೆ ಕೊಳ್ಳುವಾಗ ಎಷ್ಟು ಲೋಹ ಸೇರಿವೆ ಎಂದು ಕೇಳುವುದಕ್ಕಿಂತ ತವರ ಎಷ್ಟಿದೆ ಎಂದು ಕೇಳುವುದು ಉಚಿತ.

ಕಬ್ಬಿಣ ಮತ್ತು ಉಕ್ಕು: ಬೀಡು ಕಬ್ಬಿಣದ ಘಂಟೆಗಳಿವೆ, ತಗಡನ್ನು ಮಡಿಚಿ ಮಾಡಿದ ದನದ ಘಂಟೆಗಳೂ ಇವೆ. ಶಾಲೆಗಳಲ್ಲಿ ತೂಗುಹಾಕುವ ರೈಲು ಹಳಿಯ ತುಂಡು ಇದೇ ಜಾತಿಯ ಕೆಲಸ ಮಾಡುತ್ತದೆ. ಬೆಲೆ ಕಡಿಮೆ, ಸದ್ದು ದೂರ ಹೋಗುತ್ತದೆ, ತುಕ್ಕು ಹಿಡಿಯುತ್ತದೆ.

ತವರ ಮಾಡುವ ಕೆಲಸ

ತಾಮ್ರ ಮೃದು, ತವರ ಅದಕ್ಕಿಂತಲೂ ಮೃದು. ತಾಮ್ರದ ಘಂಟೆಯನ್ನು ಬಡಿದರೆ ಸದ್ದು ಮಂದ. ತವರದ ಘಂಟೆ ಸದ್ದೇ ಮಾಡದು. ಆದರೆ ಇವೆರಡನ್ನು ಕರಗಿಸಿ ಕೂಡಿಸಿದಾಗ ಎರಡಕ್ಕೂ ಇಲ್ಲದ ಗಟ್ಟಿತನ ಹುಟ್ಟುತ್ತದೆ. ತಾಮ್ರದೊಳಗೆ ತವರ ಸೇರಿ ಅತಿ ಗಡುಸಾದ ಕಣಗಳ ಜಾಲ ಬೆಳೆಯುತ್ತದೆ. ಪೆಟ್ಟಿನ ಶಕ್ತಿ ಮೆದು ಲೋಹದಲ್ಲಿ ಒಳಗೊಳಗೇ ಉಜ್ಜಾಟವಾಗಿ ಶಾಖವಾಗಿ ಕಳೆದುಹೋಗುತ್ತದೆ. ಗಡುಸಾದ ಕಂಚಿನಲ್ಲಿ ಆ ನಷ್ಟ ಅತ್ಯಲ್ಪ. ಆದ್ದರಿಂದ ಕಂಪನ ಬಹಳ ಹೊತ್ತು ಉಳಿದು, ಸ್ವಲ್ಪ ಸ್ವಲ್ಪವಾಗಿ ಗಾಳಿಗೆ ನಾದವಾಗಿ ಸಲ್ಲುತ್ತದೆ.

ಈ ಗಡುಸುತನಕ್ಕೆ ಒಂದು ಬೆಲೆಯಿದೆ. ತವರ ಹೆಚ್ಚಿದಂತೆ ಕಂಚು ಪೆಡಸಾಗುತ್ತದೆ. ಕಾಲುಭಾಗವನ್ನು ಮೀರಿದರೆ ಗಾಜಿನಂತೆ ಸಿಡಿಯುವ ಸ್ವಭಾವ ಬರುತ್ತದೆ. ಕೇರಳದ ಆರನ್ಮುಳದ ಪ್ರಸಿದ್ಧ ಲೋಹದ ಕನ್ನಡಿಯಲ್ಲಿ ತವರ ಸುಮಾರು ಮೂರನೆಯ ಒಂದು ಪಾಲು. ಅದು ಅದ್ಭುತವಾಗಿ ಹೊಳೆಯುತ್ತದೆ, ಕೆಳಗೆ ಬಿದ್ದರೆ ಒಡೆಯುತ್ತದೆ. ನಾದ ನಿಲ್ಲಬೇಕು, ಮೈ ಒಡೆಯಬಾರದು ಎಂಬ ಎರಡು ಬೇಡಿಕೆಗಳ ನಡುವೆ ಶೇ. 20ರಿಂದ 24ರ ಇಕ್ಕಟ್ಟಾದ ಜಾಗದಲ್ಲಿ ಘಂಟೆಯ ಕಂಚು ನಿಂತಿದೆ.

ಅಮೆರಿಕದ ಫಿಲಡೆಲ್ಫಿಯಾ ನಗರದ ಸ್ವಾತಂತ್ರ್ಯ ಘಂಟೆಯ ಕಥೆ ಇದಕ್ಕೆ ನಿದರ್ಶನ. ಲಂಡನ್ನಿನಿಂದ 1752ರಲ್ಲಿ ಬಂದ ಆ ಘಂಟೆ ಪರೀಕ್ಷೆಯ ಮೊದಲ ಪೆಟ್ಟಿಗೇ ಬಿರಿಯಿತು. ಪೆಡಸುತನ ತಗ್ಗಿಸಲು ಸ್ಥಳೀಯ ಎರಕದವರು ಅದನ್ನು ಕರಗಿಸಿ ತಾಮ್ರ ಸೇರಿಸಿದರು. ಘಂಟೆ ಗಟ್ಟಿಯಾಯಿತು, ಸದ್ದು ಮಾತ್ರ ಜನ ನಗುವಂತಾಯಿತು. 1753ರಲ್ಲಿ ಮತ್ತೊಮ್ಮೆ ಎರೆದರು. ಆ ಮೂರನೆಯ ಘಂಟೆಯೂ ಮುಂದೆ ಬಿರುಕು ಬಿಟ್ಟು ಇಂದು ಮೌನವಾಗಿ ನಿಂತಿದೆ.

ಎರಕದ ವಿಧಾನ

ಮೇಣದ ಅಚ್ಚಿನ ಎರಕ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೂರ್ತಿಗಳನ್ನು ಹೀಗೆ ಎರೆಯುವ ಕ್ರಮವಿದೆ. ಬಸವಾದಿ ಶರಣರ ಕಾಯಕಭೂಮಿಯಾದ ಅದೇ ಕಲ್ಯಾಣದ ಅರಸು ಮನೆತನ ಕುಶಲಕರ್ಮಿಯ ವಿದ್ಯೆಯನ್ನು ಗ್ರಂಥಕ್ಕೆ ಏರಿಸಿತ್ತೆಂಬುದು ನೆನೆಯತಕ್ಕ ಸಂಗತಿ. ಪಂಚಾಳರ ಐದು ಕಸುಬುಗಳಲ್ಲಿ ಕಂಚುಗಾರಿಕೆ ಒಂದು. ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ಲೋಹದ ಎರಕದ ಕಸುಬು ಇಂದಿಗೂ ಹೆಸರಾಗಿದೆ.

ಕ್ರಮ ಹೀಗಿದೆ. ಮೊದಲು ಜೇಡಿಮಣ್ಣಿನಿಂದ ಘಂಟೆಯ ಒಳತಿರುಳನ್ನು ಮಾಡಿ ಒಣಗಿಸುತ್ತಾರೆ. ಅದರ ಮೇಲೆ ಜೇನುಮೇಣ ಮತ್ತು ರಾಳದ ಮಿಶ್ರಣವನ್ನು ಘಂಟೆಗೆ ಬೇಕಾದ ದಪ್ಪಕ್ಕೆ ಸರಿಯಾಗಿ ಹಚ್ಚುತ್ತಾರೆ. ಅಂಚು, ಕೊಂಡಿ, ಅಕ್ಷರ, ಅಲಂಕಾರ ಎಲ್ಲವೂ ಮೇಣದಲ್ಲಿಯೇ ಮೂಡಬೇಕು. ಮೇಣದ ಮೇಲೆ ಮೊದಲು ನಯವಾದ ಮಣ್ಣು, ಅನಂತರ ಒರಟಾದ ಮಣ್ಣು ಮೆತ್ತಿ, ಲೋಹ ಹೊಯ್ಯಲು ಒಂದು ದಾರಿ, ಗಾಳಿ ಹೊರಹೋಗಲು ಮತ್ತೊಂದು ದಾರಿ ಬಿಡುತ್ತಾರೆ. ಅಚ್ಚನ್ನು ಕಾಯಿಸಿದಾಗ ಮೇಣ ಕರಗಿ ಹರಿದುಹೋಗಿ ಅದರ ಜಾಗ ಬರಿದಾಗುತ್ತದೆ. ಆ ಬರಿದಿನಲ್ಲಿ ಕರಗಿದ ಕಂಚು ತುಂಬುತ್ತದೆ. ಮೇಣ ನೀರಿಗಿಂತ ತುಸು ಹಗುರ, ಕಂಚು ನೀರಿನ ಎಂಟೂವರೆ ಪಟ್ಟಿಗೂ ಹೆಚ್ಚು ಭಾರ. ಆದ್ದರಿಂದ ಬಳಸಿದ ಮೇಣದ ಸುಮಾರು ಒಂಬತ್ತು ಪಟ್ಟು ತೂಕದ ಲೋಹ ಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ದೊಡ್ಡ ಘಂಟೆಗಳಿಗೂ ಹೆಚ್ಚಿನ ಸಂಖ್ಯೆಯ ಘಂಟೆಗಳಿಗೂ ಇಂದು ಮೇಣದ ಬದಲು ಮರಳಿನ ಅಚ್ಚನ್ನು ಬಳಸುವುದುಂಟು.

ಮೂಸೆಯಲ್ಲಿ ಮೊದಲು ತಾಮ್ರವನ್ನು ಕರಗಿಸಬೇಕು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ, ತವರ ಕೇವಲ 232 ಡಿಗ್ರಿಗೆ. ತವರವನ್ನು ಮೊದಲೇ ಹಾಕಿದರೆ ಗಾಳಿ ತಾಗಿ ಸುಟ್ಟು ಕಿಟ್ಟವಾಗುತ್ತದೆ. ಆದ್ದರಿಂದ ಕಡೆಯಲ್ಲಿ ಸೇರಿಸಿ, ಕಲಕಿ, ಬೇಗನೆ ಹೊಯ್ಯುತ್ತಾರೆ. ಹೊಯ್ದ ಬಳಿಕ ಅವಸರ ಸಲ್ಲದು. ಸಣ್ಣ ಘಂಟೆ ಒಂದು ರಾತ್ರಿ, ದೊಡ್ಡ ಘಂಟೆ ಹಲವು ದಿನ ಅಚ್ಚಿನಲ್ಲಿಯೇ ಆರಬೇಕು. ಅವಸರದಿಂದ ಬಿಚ್ಚಿದರೆ ಹೊರಮೈ ಬೇಗ ಆರಿ, ಒಳಗೆ ಸೆಳೆತ ಉಳಿದು, ಮುಂದೊಂದು ದಿನ ಬಿರುಕಾಗಿ ಕಾಣಿಸಿಕೊಳ್ಳುತ್ತದೆ.

ಗಾತ್ರ, ದಪ್ಪ ಮತ್ತು ಶ್ರುತಿ

ಘಂಟೆಯ ಶ್ರುತಿ ಅದರ ಅಗಲ ಮತ್ತು ದಪ್ಪವನ್ನು ಅವಲಂಬಿಸಿದೆ. ಅಗಲ ಹೆಚ್ಚಿದಂತೆ ದನಿ ತಗ್ಗುತ್ತದೆ. ದಪ್ಪ ಹೆಚ್ಚಿದಂತೆ ದನಿ ಏರುತ್ತದೆ. ಒಂದೇ ಆಕಾರದ ಘಂಟೆಯ ಎಲ್ಲ ಅಳತೆಗಳನ್ನು ಎರಡು ಪಟ್ಟು ಮಾಡಿದರೆ ಶ್ರುತಿ ಒಂದು ಸಪ್ತಕ ಕೆಳಗಿಳಿಯುತ್ತದೆ. ಆದರೆ ತೂಕ ಎಂಟು ಪಟ್ಟಾಗುತ್ತದೆ. ತಗ್ಗು ದನಿಯ ಗಂಭೀರ ಘಂಟೆ ಏಕೆ ಅಷ್ಟು ದುಬಾರಿ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಬಡಿದೊಡನೆ ಕೇಳುವ ಸ್ವರ ಒಂದು, ಕಡೆಗೆ ಉಳಿಯುವ ಗುಂಜಾರವ ಮತ್ತೊಂದು. ಘಂಟೆಯ ಅಂಚು, ನಡು, ಹೆಗಲು ಬೇರೆ ಬೇರೆ ವೇಗದಲ್ಲಿ ಕಂಪಿಸುವುದರಿಂದ ಹಲವು ಸ್ವರಗಳು ಏಕಕಾಲಕ್ಕೆ ಹುಟ್ಟುತ್ತವೆ. ಮೇಲಿನವು ಬೇಗ ಅಡಗುತ್ತವೆ, ತಗ್ಗಿನದು ಬಹಳ ಹೊತ್ತು ಉಳಿಯುತ್ತದೆ.

ಈಚೆಗೆ ಭಕ್ತರು ನಮಗೆ ಕಳಿಸುವ ಸಂದೇಶಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಘಂಟೆಯನ್ನು ಏಳು ಲೋಹಗಳಿಂದ ಮಾಡುತ್ತಾರೆ, ಅದರ ನಾದ ಸರಿಯಾಗಿ ಏಳು ಸೆಕೆಂಡು ನಿಂತು ಏಳು ಚಕ್ರಗಳನ್ನು ಎಬ್ಬಿಸುತ್ತದೆ ಎಂಬುದು. ಲೋಹಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ನಾದ ನಿಲ್ಲುವ ಕಾಲ ಲೋಹ, ಗಾತ್ರ, ದಪ್ಪ ಮತ್ತು ತೂಗುಹಾಕಿದ ಬಗೆಯಿಂದ ನಿರ್ಣಯವಾಗುತ್ತದೆ. ಚದುರಿದ ಮನಸ್ಸನ್ನು ಒಂದೆಡೆ ತರಲು ಒಳ್ಳೆಯ ಘಂಟೆಯ ನಾದ ನೆರವಾಗುವುದನ್ನು ಪೂಜೆಗೆ ಕುಳಿತವರೆಲ್ಲ ಬಲ್ಲರು. ಅದಕ್ಕೆ ಕಲ್ಪಿತ ಲೆಕ್ಕಗಳ ಹಂಗು ಬೇಕಿಲ್ಲ.

ವಿಜಯಪುರದ ಕಂಚಿನ ತೋಪು

ಘಂಟೆಯ ಕಂಚನ್ನು ಕಣ್ಣಾರೆ ನೋಡಬೇಕೆನ್ನುವವರು ನೆರೆಯ ವಿಜಯಪುರಕ್ಕೆ ಹೋಗಿ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಬೇಕು. ಅದು ತೋಪಾದರೂ ಅದರ ಲೋಹ ಘಂಟೆಯ ಲೋಹವೇ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ಎರಕದ ನಿಪುಣ ಇದನ್ನು ಎರೆದನು. ಪರಾಂಡಾ ಕೋಟೆಯಲ್ಲಿದ್ದ ಇದನ್ನು 1632ರಲ್ಲಿ ವಿಜಯಪುರಕ್ಕೆ ತಂದರು. ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಮಿಗಿಲು. ತೋಪಿನ ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಮುಖದಂತಿದೆ. ಲೋಹವನ್ನು ಪರೀಕ್ಷಿಸಿದಾಗ ತಾಮ್ರ ಶೇ. 80ರಷ್ಟು, ತವರ ಶೇ. 20ಕ್ಕೆ ಸಮೀಪ ಎಂದು ತಿಳಿದುಬಂದಿದೆ. ಬಡಿದರೆ ಘಂಟೆಯಂತೆ ನುಡಿಯುತ್ತದೆ.

ಈ ಲೆಕ್ಕದಂತೆ ಆ ಒಂದು ತೋಪಿನಲ್ಲಿಯೇ ಸುಮಾರು 11 ಟನ್ ತವರವಿದೆ. ಭಾರತದಲ್ಲಿ ತವರದ ಅದಿರು ವಿರಳ. ಬಸ್ತರ್ ಭಾಗವನ್ನು ಬಿಟ್ಟರೆ ಹೇಳಿಕೊಳ್ಳುವಷ್ಟು ಎಲ್ಲಿಯೂ ಇಲ್ಲ. ನಮ್ಮ ಹಿರಿಯರ ಮನೆಯ ಪುಟ್ಟ ಕಂಚಿನ ಘಂಟೆಯಲ್ಲಿಯೂ ಇಂತಹ ದುರ್ಲಭ ಲೋಹ ಐದರಲ್ಲಿ ಒಂದು ಪಾಲಿದೆ ಎಂಬುದನ್ನು ನಾವು ಮರೆಯುತ್ತೇವೆ. ಮರೆತವರು ನಾವಷ್ಟೇ ಅಲ್ಲ. 1854ರಲ್ಲಿ ಆಂಗ್ಲ ಅಧಿಕಾರಿಗಳು ನಿರುಪಯೋಗಿ ತೋಪುಗಳನ್ನು ಹರಾಜಿಗಿಟ್ಟಾಗ ಇದಕ್ಕೆ ಬಂದ ಅತಿ ಹೆಚ್ಚಿನ ಬೆಲೆ 150 ರೂಪಾಯಿ. ಅಷ್ಟು ಅಲ್ಪ ಬೆಲೆಗೆ ಮಾರುವುದು ಬೇಡವೆಂದು ಕೈಬಿಟ್ಟುದರಿಂದ ಮಾತ್ರ ತೋಪು ಉಳಿಯಿತು. ಗುಜರಿಯ ಬೆಲೆ ಕಟ್ಟುವವನಿಗೆ ಲೋಹದ ತೂಕ ಕಾಣುತ್ತದೆ, ಅದರ ನಾದ ಕಾಣುವುದಿಲ್ಲ.

ಗಡಿಯಾಚೆ ನಡೆದ ಸಂಗತಿ ಇದಕ್ಕೆ ತಿರುಗುಮುರುಗಾದುದು. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದಾಗ ಅಲ್ಲಿನ ಚರ್ಚುಗಳ ಘಂಟೆಗಳು ಮರಾಠರ ಕೈಸೇರಿದವು. ಅವುಗಳನ್ನು ಕರಗಿಸದೆ ಹಲವು ದೇವಾಲಯಗಳಲ್ಲಿ ತೂಗುಹಾಕಿದರು. ನಾಸಿಕದ ನಾರೋಶಂಕರ ದೇವಾಲಯ, ವಾಯಿ ಬಳಿಯ ಮೇಣವಲಿ, ಭೀಮಾಶಂಕರ ಕ್ಷೇತ್ರಗಳಲ್ಲಿ ಅಂತಹ ಘಂಟೆಗಳನ್ನು ಇಂದಿಗೂ ಕಾಣಬಹುದು. ಗೆದ್ದವರಿಗೆ ಅವು ವಿಜಯದ ಗುರುತು. ಆದರೂ ಒಳ್ಳೆಯ ಘಂಟೆಯನ್ನು ಘಂಟೆಯಾಗಿಯೇ ಉಳಿಸಿಕೊಂಡರೆಂಬುದು ಗಮನಾರ್ಹ.

ಕೊಳ್ಳುವ ಮುನ್ನ ಪರೀಕ್ಷೆ

ತೂಕದಿಂದ ಲೋಹ ಗೊತ್ತಾಗುವುದಿಲ್ಲ. ಹಿತ್ತಾಳೆಗೂ ಕಂಚಿಗೂ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಹೊಳಪಿನಿಂದಲೂ ಗೊತ್ತಾಗುವುದಿಲ್ಲ. ಆದ್ದರಿಂದ ಈ ಕೆಳಗಿನಂತೆ ನೋಡಬೇಕು.

ಮೊದಲನೆಯದು ಕಿವಿಯ ಪರೀಕ್ಷೆ. ಘಂಟೆಯನ್ನು ಕೈಯಲ್ಲಿ ಅಪ್ಪಿ ಹಿಡಿಯದೆ ಹಗ್ಗದಲ್ಲಿ ತೂಗುಬಿಟ್ಟು, ಮರದ ಕೋಲಿನಿಂದ ಅಂಚಿಗೆ ಮೆಲ್ಲನೆ ಬಡಿಯಬೇಕು. ಅದೇ ಗಾತ್ರದ ಮತ್ತೊಂದು ಘಂಟೆಯೊಡನೆ ಹೋಲಿಸಿ, ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಬೇಕು. ಎರಡನೆಯದು ಬಣ್ಣ. ಒಳಮೈಯ ಮರೆಯಲ್ಲಿ ಅರದಿಂದ ತುಸು ಉಜ್ಜಿ ನೋಡಿದರೆ ಹಿತ್ತಾಳೆ ನಿಂಬೆಹಳದಿಯಾಗಿ ಕಾಣುತ್ತದೆ. ಘಂಟೆಯ ಕಂಚು ಬಿಳಿಚಿದ, ಬೂದಿ ಬೆರೆತ ಹಳದಿ. ಮೂರನೆಯದು ಸೂಜಿಗಲ್ಲು. ಕಂಚು, ಹಿತ್ತಾಳೆಗಳೆರಡೂ ಅದಕ್ಕೆ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ ಎಂದೇ ಅರ್ಥ. ನಾಲ್ಕನೆಯದು ಯಂತ್ರಪರೀಕ್ಷೆ. ಲೋಹಕ್ಕೆ ಗಾಯ ಮಾಡದೆ ಎಕ್ಸ್-ಕಿರಣದಿಂದ ಯಾವ ಲೋಹ ಎಷ್ಟಿದೆ ಎಂದು ಹೇಳುವ ಯಂತ್ರಗಳಿವೆ. ಬಂಗಾರದ ಶುದ್ಧತೆಯನ್ನು ಅಳೆಯುವುದೂ ಇದೇ ತತ್ತ್ವದಿಂದ. ಹೆಚ್ಚಿನ ಹಣ ತೆರುವಾಗ ಇಂತಹ ಪರೀಕ್ಷೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ತಾಮ್ರ, ತವರಗಳ ಪ್ರಮಾಣವನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳಬೇಕು. ಸತ್ಯಶುದ್ಧ ಕಾಯಕ ಮಾಡುವ ವ್ಯಾಪಾರಿ ಅದಕ್ಕೆ ಬೇಸರಿಸಿಕೊಳ್ಳಲಾರ.

ಜೋಪಾನ ಮತ್ತು ದುರಸ್ತಿ

ಘಂಟೆಗೆ ಬಣ್ಣ ಬಳಿಯಬಾರದು. ಬಣ್ಣದ ಪದರ ಕಂಪನವನ್ನು ಹಿಡಿಯುತ್ತದೆ. ಹುಣಸೆಹುಳಿಯಿಂದ ತಿಕ್ಕುವುದಾದರೆ ಹುಳಿಯ ಅಂಶ ಉಳಿಯದಂತೆ ನೀರಿನಿಂದ ಚೆನ್ನಾಗಿ ತೊಳೆದು ಒಣಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಹಸಿರು ಕಿಲುಬು ಏಳುತ್ತದೆ. ಹಳೆಯ ಘಂಟೆಯ ಕಪ್ಪು ಅಥವಾ ಕಂದು ಮೈ ರೋಗವಲ್ಲ, ಅದು ಲೋಹವನ್ನು ಕಾಯುವ ಪದರ. ನಾಲಿಗೆ ಯಾವಾಗಲೂ ಘಂಟೆಗಿಂತ ಮೆದುವಾದ ಲೋಹದ್ದಾಗಿರಬೇಕು. ಗಡುಸಾದ ಉಕ್ಕಿನ ನಾಲಿಗೆ ಅಂಚನ್ನು ಸವೆಸುತ್ತದೆ. ಒಂದೇ ಜಾಗದಲ್ಲಿ ಪೆಟ್ಟು ಬಿದ್ದು ಗುಳಿಯಾಗಿದ್ದರೆ ಘಂಟೆಯನ್ನು ಕಾಲು ಸುತ್ತು ತಿರುಗಿಸಿ ತೂಗುಹಾಕಬೇಕು. ಜಾತ್ರೆಗೆ ಮುನ್ನ ಕೊಂಡಿ, ಸರಪಳಿ, ತೊಲೆಗಳನ್ನು ತಪ್ಪದೆ ಪರಿಶೀಲಿಸಬೇಕು. ಕೆಳಗೆ ನಿಲ್ಲುವವರು ಮಕ್ಕಳು.

ಘಂಟೆಗೆ ಬಿಸಿಯೂ ಅದರ ಬೆನ್ನಿಗೇ ಬರುವ ತಂಪೂ ಅಪಾಯಕಾರಿ. ಮಾಸ್ಕೋದಲ್ಲಿ 1735ರಲ್ಲಿ ಎರೆದ ಸುಮಾರು 200 ಟನ್ನಿನ ತ್ಸಾರ್ ಘಂಟೆ ಒಮ್ಮೆಯೂ ನುಡಿಯಲಿಲ್ಲ. 1737ರ ಬೆಂಕಿಯಲ್ಲಿ ಕಾದಿದ್ದ ಅದರ ಮೇಲೆ ನೀರು ಬಿದ್ದು 11 ಟನ್ನಿಗೂ ಹೆಚ್ಚಿನ ಚೂರು ಸಿಡಿದುಹೋಯಿತು. ನಮ್ಮ ಊರಿನ ಬೆಸುಗೆಯಂಗಡಿಯಲ್ಲಿ ಬಿರುಕಿಗೆ ಬೆಸುಗೆ ಹಾಕಿಸಿದಾಗ ಆಗುವುದೂ ಇದೇ: ಒಂದು ಕಡೆ ಮಾತ್ರ ಕಾದು, ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಬಿರಿದ ಘಂಟೆಯನ್ನು ಬಲ್ಲವರಲ್ಲಿಗೆ ಒಯ್ದು ಅದೇ ಲೋಹದಿಂದ ಮರಳಿ ಎರೆಯಿಸುವುದು ಸರಿಯಾದ ದಾರಿ. ಕರಗಿಸುವಾಗ ಸುಟ್ಟುಹೋಗುವ ಅಲ್ಪ ತವರವನ್ನು ಸೇರಿಸಿದರಾಯಿತು. ಹಿರಿಯರ ಲೋಹ ಹೊಸ ಮೈಯಲ್ಲಿ ಮುಂದುವರಿಯುತ್ತದೆ.

ಕೊಂಡಿ ಮಾತ್ರ ಮುರಿದಿದ್ದರೆ ಮರುಎರಕವೂ ಬೇಕಿಲ್ಲ. ಘಂಟೆಯ ನೆತ್ತಿ ಅತಿ ಕಡಿಮೆ ಕಂಪಿಸುವ ಭಾಗ. ಅಲ್ಲಿ ಎಚ್ಚರದಿಂದ ರಂಧ್ರ ಕೊರೆದು, ಬೋಲ್ಟು ಹಾಕಿ ತೂಗುಹಾಕಿದರೆ ನಾದಕ್ಕೆ ಕುಂದು ಬಾರದು. ಈ ಸಣ್ಣ ಸಂಗತಿ ಅಂದು ನಮಗೆ ತಿಳಿದಿರಲಿಲ್ಲ. ತಿಳಿದಿದ್ದರೆ ನಮ್ಮ ಬಾಗಿಲಿನ ಘಂಟೆ ಇಂದಿಗೂ ಬಾಗಿಲಲ್ಲಿಯೇ ಇರುತ್ತಿತ್ತು.

ಅಟ್ಟದ ಮೇಲೆ, ದನದ ಕೊಟ್ಟಿಗೆಯ ಗೂಟದಲ್ಲಿ, ಟ್ರ್ಯಾಕ್ಟರು ಬಂದ ಮೇಲೆ ಮೂಲೆ ಸೇರಿದ ಗೆಜ್ಜೆಸರದಲ್ಲಿ, ದೇವರ ಕೋಣೆಯ ಹಿಂಬದಿಯಲ್ಲಿ ಹಳೆಯ ಘಂಟೆಗಳಿದ್ದರೆ ಸದ್ಭಕ್ತರು ಅವುಗಳನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ದಾರದಲ್ಲಿ ತೂಗುಬಿಟ್ಟು ಬಡಿದು ಕೇಳಬೇಕೆಂದು ವಿನಂತಿ. ಮಠಕ್ಕೆ ಘಂಟೆ ಅರ್ಪಿಸಬಯಸುವವರು ಹೊಸದನ್ನು ಕೊಳ್ಳುವ ಮೊದಲು ನಮ್ಮೊಡನೆ ವಿಚಾರಿಸಬೇಕು. ದೊಡ್ಡ ಹಿತ್ತಾಳೆಯ ಘಂಟೆಗಿಂತ ಕೈಯಳತೆಯ ಕಂಚಿನ ಘಂಟೆ ಮಠಕ್ಕೆ ಹೆಚ್ಚು ಪ್ರಿಯ.